ಮನೆ ನಂಬರೇ ಮರೆತುಹೋದ ರಾತ್ರಿ

ರಾತ್ರಿ ಎರಡು ಗಂಟೆಗೆ ದೊಡ್ಡಪ್ಪ ಎದೆ ಹಿಡಿದುಕೊಂಡು ಎದ್ದು ಕೂತರು. ಮೈಯೆಲ್ಲ ಬೆವರು. ಎಡಗೈ ಸೆಳೆಯುತ್ತಿದೆ ಅಂದರು. "ಗ್ಯಾಸ್ ಇರಬೇಕು, ಸುಮ್ನೆ ಎಲ್ಲರ ನಿದ್ದೆ ಕೆಡಿಸಬೇಡ" ಅಂತಲೂ ಅವರೇ ಅಂದರು. ನಾನು ನಂಬಿದೆ. ನಂಬೋಕೆ ಇಷ್ಟ ಇತ್ತು, ಅಷ್ಟೇ. ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ತಮ್ಮನಿಗೆ ಮಾಡಿದೆ. ಅವನು ಕೇಳಿದ್ದು ಒಂದೇ ಮಾತು: "ಆಂಬುಲೆನ್ಸ್‌ಗೆ ಮಾಡಿದ್ಯಾ?" ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು.

ಕರೆ ಮಾಡಿದ ಮೇಲೂ ಎಡವಿದೆ. "ಸಂಜೆಯಿಂದಲೇ ಇವರಿಗೆ ಸರಿ ಇರಲಿಲ್ಲ, ಬಿಪಿ ಮಾತ್ರೆ ಬೇರೆ ಮರೆತಿದ್ದರು..." ಅಂತ ಕಥೆ ಶುರು ಮಾಡಿದೆ. ಆ ಕಡೆಯವರು ತಡೆದು, "ಎಲ್ಲಿದ್ದೀರಿ, ಅದನ್ನು ಮೊದಲು ಹೇಳಿ" ಅಂದರು. ಮನೆ ನಂಬರೇ ನಾಲಿಗೆಗೆ ಬರಲಿಲ್ಲ. ಹನ್ನೆರಡು ವರ್ಷದಿಂದ ಇರುವ ಮನೆ!

ದೊಡ್ಡಪ್ಪ ಉಳಿದರು. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಕಳಿಸಬಹುದು. ಜಾಗ ಗೊತ್ತಿಲ್ಲದಿದ್ದರೆ ಕಾಯಿಲೆಯ ಪೂರ್ತಿ ಚರಿತ್ರೆ ಹೇಳಿದರೂ ಏನು ಮಾಡೋಕಾಗುತ್ತೆ? ಅದಾದ ಮೇಲೆ ವಿಳಾಸ, ಹತ್ತಿರದ ಗುರುತು, ಫೋನ್ ನಂಬರ್, ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದೆ. ಮೇಲುಗಡೆ 112 ಅಂತ ಬರೆದೆ. ಭಾರತದಲ್ಲೂ ಯುರೋಪಿನ ಬಹಳಷ್ಟು ದೇಶಗಳಲ್ಲೂ ತುರ್ತು ಕರೆಗೆ ಇದೇ ನಂಬರ್. ಬೇರೆ ದೇಶಕ್ಕೆ ಹೋದರೆ ಅಲ್ಲಿಯದು ಯಾವುದು ಅಂತ ಇಳಿದ ದಿನವೇ ನೋಡಿಕೊಳ್ಳುತ್ತೇನೆ.

ಎರಡನೇ ಸಲ ಕರೆ ಮಾಡಬೇಕಾಗಿ ಬಂದದ್ದು ಅತ್ತೆಗಾಗಿ. ಕೈಯಿಂದ ಚಮಚ ಜಾರಿತು. ಎತ್ತಿಕೊಳ್ಳೋಕೆ ಹೋದರೆ ಕೈ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆ ಇಳಿದಿತ್ತು, ಮಾತು ತೊದಲುತ್ತಿತ್ತು. ಯಾರನ್ನೂ ಕೇಳದೆ ಕರೆ ಮಾಡಿದೆ. ಸ್ಪೀಕರ್ ಹಾಕಿ, ಬಾಗಿಲ ಕಾಗದ ನೋಡಿ ವಿಳಾಸ ಓದಿದೆ. ಆಮೇಲೆ ವಯಸ್ಸು, ಎಚ್ಚರ ಇದ್ದಾರಾ, ಉಸಿರಾಟ ಹೇಗಿದೆ ಅಂತ ಒಂದೊಂದೇ ಕೇಳಿದರು. ಈ ಪ್ರಶ್ನೆಗಳಿಂದ ತಡ ಆಗುತ್ತೆ ಅಂತ ಮೊದಲ ಸಲ ಸಿಟ್ಟು ಬಂದಿತ್ತು. ಆದರೆ ನಾವು ಉತ್ತರ ಹೇಳುತ್ತಿರುವಾಗಲೇ ಗಾಡಿ ಹೊರಟಿರಬಹುದು. ಅವರು ಹೇಳುವ ತನಕ ಫೋನ್ ಇಡಬಾರದು.

"ಕೊನೆಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಅಂತಲೂ ಕೇಳಿದರು. ಅತ್ತೆಗೆ ಆಗಿದ್ದು ಪಾರ್ಶ್ವವಾಯು, ಅಂದರೆ ಸ್ಟ್ರೋಕ್. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಹೀಗಾಗಿದ್ದರೆ, ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲೆಕ್ಕ ಶುರುವಾಗೋದು ನಾವು ಗಮನಿಸಿದ ಹೊತ್ತಿನಿಂದಲ್ಲ, ಅವರು ಕೊನೆಗೆ ಚೆನ್ನಾಗಿದ್ದ ಹೊತ್ತಿನಿಂದ. ಅತ್ತೆಯ ಮೊಬೈಲ್ ನೋಡಿದೆ. 7:10ಕ್ಕೆ ಮಗಳ ಜೊತೆ ಮಾತಾಡಿದ್ದರು. ಆಗ ಮಾತು ಸರಿ ಇತ್ತು ಅಂತ ಮಗಳೂ ಹೇಳಿದಳು. ಅಷ್ಟರಲ್ಲಿ ನಾನು ನೀರು ಕುಡಿಸೋಕೆ ಹೋಗಿದ್ದೆ. "ಬೇಡ, ನುಂಗೋಕೆ ಆಗದೆ ಶ್ವಾಸಕೋಶಕ್ಕೆ ಹೋಗಬಹುದು" ಅಂತ ಫೋನಿನಲ್ಲೇ ತಡೆದರು. ಗಾಡಿಗೆ ದಾರಿ ತೋರಿಸೋಕೆ ನನ್ನ ತಮ್ಮ ಟಾರ್ಚ್ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತ.

ಈಗ ನಾನು ಯೋಚಿಸುತ್ತಾ ಕೂರೋದಿಲ್ಲ. ಎದೆನೋವು, ಉಸಿರಿಗೆ ಒದ್ದಾಟ, ನಿಲ್ಲದ ರಕ್ತ, ಐದು ನಿಮಿಷ ದಾಟಿದ ಫಿಟ್ಸ್, ಎಬ್ಬಿಸಿದರೂ ಏಳದಿರೋದು, ಇದರಲ್ಲಿ ಯಾವುದಿದ್ದರೂ ಮೊದಲು ಕರೆ. ಪ್ರಜ್ಞೆ ಇಲ್ಲದವರು ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಉಸಿರೆಳೆದರೆ ಅದು ಉಸಿರಾಟ ಅಲ್ಲ, ಎದೆ ಒತ್ತಬೇಕು. ಹೇಗೆ ಅಂತ ಫೋನಿನಲ್ಲಿರುವವರೇ ಹೇಳಿಕೊಡುತ್ತಾರೆ. ಸುಮ್ನೆ ಜ್ವರ ನೆಗಡಿಗೆಲ್ಲ ಆ ಲೈನ್ ಹಿಡಿದು ಕೂರಬಾರದು, ಅಲ್ವಾ? ಕೈತಪ್ಪಿ ಒತ್ತಿದ್ದರೆ ಕಟ್ ಮಾಡದೆ "ತಪ್ಪಿ ಬಂತು" ಅಂತ ಹೇಳಿಬಿಡಿ.

ಅತ್ತೆ ಈಗ ಓಡಾಡುತ್ತಾರೆ. ಬಾಗಿಲ ಹಿಂದಿನ ಕಾಗದದಲ್ಲಿ ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಸ್ಪಷ್ಟವಾಗಿಯೇ ಗೊಣಗುತ್ತಾರೆ.