ದೇವರ ಚಿತ್ತಕ್ಕೆ ನಮ್ಮನ್ನು ಒಪ್ಪಿಸಿಕೊಡುವುದು ಹೇಗೆ?

ಯೇಸುಸ್ವಾಮಿಯು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ "ನಿನ್ನ ಚಿತ್ತ (ಇಚ್ಛೆ) ನೆರವೇರಲಿ" ಎಂದು ಸಭೆಯೊಂದಿಗೆ ಹೇಳುವುದು ನಮಗೆ ರೂಢಿಯಾಗಿದೆ. ಆದರೆ ಮದುವೆ, ಉದ್ಯೋಗ, ಕಾಯಿಲೆಗಳ ಮುಂದೆ ನಿಂತಾಗ ಅದನ್ನೇ ಮನಃಪೂರ್ವಕವಾಗಿ ಹೇಳಲು ಅಭ್ಯಾಸ ಬೇಕು.

ನಾಳೆಯ ವಿಷಯ ಕೇಳುವ ಮೊದಲು, ಸತ್ಯವೇದವು (ಬೈಬಲ್) ಈಗಾಗಲೇ ಸ್ಪಷ್ಟವಾಗಿ ತಿಳಿಸಿರುವುದನ್ನು ಪಾಲಿಸಲು ಆರಂಭಿಸಿ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯು 4ನೇ ಅಧ್ಯಾಯದಲ್ಲಿ ಪರಿಶುದ್ಧ ಜೀವನವನ್ನೂ 5ನೇ ಅಧ್ಯಾಯದಲ್ಲಿ ಕೃತಜ್ಞತಾಸ್ತುತಿಯನ್ನೂ ದೇವರ ಚಿತ್ತವೆಂದೇ ಕರೆಯುತ್ತದೆ. ಯಾವ ಊರಿನ ಕೆಲಸಕ್ಕೆ ಹೋಗಲಿ ಎಂದು ಕೇಳುವವರು ಅಣ್ಣತಮ್ಮಂದಿರೊಡನೆ ಮಾತು ಬಿಟ್ಟಿದ್ದರೆ, ಇವತ್ತು ಮಾಡಬೇಕಾದದ್ದು ಅವರಿಗೆ ತಿಳಿದೇ ಇದೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳಿಗೆ ಸಿಕ್ಕ ವಚನವನ್ನೇ ಉತ್ತರವೆಂದು ಹಿಡಿಯಬೇಡಿ. ಇಡೀ ಅಧ್ಯಾಯವನ್ನು ನಿಧಾನವಾಗಿ ಓದಿ.

ಪ್ರಾರ್ಥಿಸುವಾಗ ನಿಮ್ಮ ಆಸೆಯನ್ನು ಬಚ್ಚಿಡಬೇಡಿ. ಇದನ್ನು ಕಲಿಯಲು, ಯೇಸುಸ್ವಾಮಿಯು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟಕ್ಕಿಂತ ಉತ್ತಮ ಪಾಠ ನನಗೆ ತಿಳಿದಿಲ್ಲ. ಮತ್ತಾಯ 26ನೇ ಅಧ್ಯಾಯದ ಪ್ರಕಾರ ಯೇಸುಸ್ವಾಮಿಯು ಮೊದಲ ಸಲ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿದನು. ಎರಡನೆಯ ಸಲ, ನಾನು ಕುಡಿಯದ ಹೊರತು ಇದು ತೊಲಗದಿದ್ದರೆ ನಿನ್ನ ಚಿತ್ತವೇ ಆಗಲಿ ಎಂದನು. ಮೂರನೆಯ ಸಲವೂ ಅದನ್ನೇ ಹೇಳಿದನು. ದೇವಕುಮಾರನೇ ಮತ್ತೆ ಮತ್ತೆ ಬೇಡಿದ ಮೇಲೆ, ಒಂದೇ ಪ್ರಾರ್ಥನೆಯಲ್ಲಿ ನಮ್ಮ ಮನಸ್ಸು ಒಪ್ಪಲಿಲ್ಲವೆಂದು ನಾಚಬೇಕಾಗಿಲ್ಲ. ಆದ್ದರಿಂದ ನಿಮಗೆ ಬೇಕಾದುದನ್ನು ಮೊದಲು ನೇರವಾಗಿ ಕೇಳಿ, ಅಳು ಬಂದರೆ ಅಳಿ, ಆಮೇಲೆ ಅದನ್ನು ತಂದೆಯ ಕೈಗೆ ಒಪ್ಪಿಸಿ, ಮರುದಿನವೂ ಹಾಗೆಯೇ ಮಾಡಿ. ತನ್ನೊಂದಿಗೆ ಎಚ್ಚರವಾಗಿರಲು ಆತನು ಮೂವರು ಶಿಷ್ಯರನ್ನು ಕೇಳಿಕೊಂಡಂತೆ, ನಂಬಿಕಸ್ಥರಾದ ಇಬ್ಬರು ಮೂವರನ್ನು ಜೊತೆಗೆ ಪ್ರಾರ್ಥಿಸಲು ಕರೆಯಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಪಾತ್ರೆಯನ್ನು ಆತನು ತಾನೇ ಸ್ವೀಕರಿಸಿದನು, ಇನ್ನೊಬ್ಬರ ಮೇಲೆ ಹೊರಿಸಲಿಲ್ಲ. ಗಂಡನಿಂದ ಹೊಡೆತ ತಿನ್ನುವ ಹೆಂಗಸಿಗೆ "ಇದು ದೇವರ ಚಿತ್ತ, ಸಹಿಸಿಕೋ" ಎನ್ನುವುದು ದೇವರ ಹೆಸರನ್ನು ಅಯೋಗ್ಯವಾಗಿ ಎತ್ತುವುದೇ ಆಗಿದೆ. ಆಕೆಗೆ ರಕ್ಷಣೆ ಒದಗಿಸುವುದು ಸಭೆಯ ಕರ್ತವ್ಯ. ಕಾಯಿಲೆಗೆ ವೈದ್ಯರ ಬಳಿ ಹೋಗುವುದೂ ಅವಿಶ್ವಾಸವಲ್ಲ.

ನಿರ್ಧಾರಕ್ಕೆ ಬರುವಾಗ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯವನ್ನು ಓದಿಕೊಳ್ಳಿ. ಸುವಾರ್ತೆ ಸಾರಲು ಹೊರಟ ಅಪೊಸ್ತಲ ಪೌಲನಿಗೂ ಜೊತೆಗಾರರಿಗೂ ಆಸ್ಯಸೀಮೆ, ಬಿಥೂನ್ಯ ಎಂಬ ಪ್ರಾಂತ್ಯಗಳಲ್ಲಿ ದಾರಿ ಮುಚ್ಚಿದ ಮೇಲೆ, ತ್ರೋವ ಪಟ್ಟಣದಲ್ಲಿ ಪೌಲನೊಬ್ಬನಿಗೆ, ಮಕೆದೋನ್ಯದವನೊಬ್ಬನು ಸಹಾಯಕ್ಕೆ ಕರೆಯುವ ದರ್ಶನವಾಯಿತು. ಆದರೆ ಮಕೆದೋನ್ಯಕ್ಕೆ ಹೋಗಲು ದೇವರು ಕರೆದಿದ್ದಾನೆಂದು ನಿಶ್ಚಯಿಸಿಕೊಂಡವರು ಜೊತೆಗಾರರೆಲ್ಲರೂ. ನಿಮ್ಮ ತೀರ್ಮಾನವನ್ನೂ ಸಭಾಪಾಲಕರ, ಹಿರಿಯರ ಮುಂದಿಟ್ಟು, ಅವರ ಆಕ್ಷೇಪವನ್ನು ತಾಳ್ಮೆಯಿಂದ ಕೇಳಿ. ನಿಶ್ಚಯವಾದ ಮೇಲೆ ತಡಮಾಡದೆ ಹೊರಡಿ. ಹಾಗೆ ಹೊರಟ ಪೌಲನೂ ಅವನ ಜೊತೆಗಾರ ಸೀಲನೂ ಮಕೆದೋನ್ಯದ ಫಿಲಿಪ್ಪಿಯಲ್ಲಿ ಪೆಟ್ಟು ತಿಂದು ಸೆರೆಮನೆ ಸೇರಿದರು. ಹೀಗಿರುವುದರಿಂದ, ಹೊಸ ಊರಿನಲ್ಲಿ ಮೊದಲ ತಿಂಗಳೇ ಕಷ್ಟ ಬಂದರೆ ದಾರಿ ತಪ್ಪಿದೆವೆಂದು ಅವಸರದಲ್ಲಿ ಹಿಂದಿರುಗದೆ, ಅದೇ ಹಿರಿಯರೊಡನೆ ಮತ್ತೊಮ್ಮೆ ಕುಳಿತು ಪ್ರಾರ್ಥಿಸಿ.