ಸಂಬಳ ಬಂದರೂ ಆರ್‌ಡಿ ಕಂತು ತಪ್ಪುತ್ತಿದ್ದುದಕ್ಕೆ ಪರಿಹಾರ

ಒಂದನೇ ತಾರೀಕು ಸಂಬಳ, ಇಪ್ಪತ್ತಕ್ಕೆಲ್ಲ ಖಾತೆ ಬರಿದು, ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಂತು ಬಾಕಿ. ತಪ್ಪಿದ ಕಂತಿಗೆ ನೂರಕ್ಕೆ 1 ರೂಪಾಯಿ ದಂಡ ಬೇರೆ.

ಖರ್ಚು ಬರೆದಿಡುವ ಆ್ಯಪ್, ಲೆಕ್ಕದ ಪುಸ್ತಕ, ಮೊಬೈಲ್ ಅಲಾರಾಂ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹಣ ಎಲ್ಲಿ ಹೋಯಿತೆಂದು ತಿಳಿಯಿತು, ಹೋಗುವುದು ನಿಲ್ಲಲಿಲ್ಲ.

ಕೆಲಸ ಮಾಡಿದ್ದು ತಾರೀಕಿನ ಬದಲಾವಣೆ. ಬ್ಯಾಂಕಿನಲ್ಲಿ ಆರ್‌ಡಿ ತೆರೆದ ತಾರೀಕೇ ಸಾಮಾನ್ಯವಾಗಿ ಕಂತು ಕಡಿತದ ತಾರೀಕು. ಹಾಗಾಗಿ ಸಂಬಳದ ಖಾತೆಗೇ ಜೋಡಿಸಿ 3ರಂದು ಹೊಸ ಆರ್‌ಡಿ ತೆರೆದೆ (2 ಬೇಡ, ಸಂಬಳ ತಡವಾದರೆ ಕೆಟ್ಟಿತು). ನಂತರ, ಪ್ರತಿ ತಿಂಗಳು 4ರಂದು ಮನೆಖರ್ಚಿನ ಮೊತ್ತ ತಾನಾಗಿ ಎರಡನೇ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟೆ. ಕೊನೆಗೆ ಯುಪಿಐ ಆ್ಯಪ್‌ನಿಂದ ಸಂಬಳದ ಖಾತೆಯನ್ನೇ ತೆಗೆದುಹಾಕಿದೆ. ಈ ಕೊನೆಯ ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಕಂತು ಮೊದಲು ಸಣ್ಣದಿರಲಿ. ಸಂಬಳ ಏರಿದಾಗ ಇನ್ನೊಂದು ಆರ್‌ಡಿ ತೆರೆಯಬಹುದು.