ಚರಿತ್ರೆ ಮರೆತವರ ಭಾವಚಿತ್ರ ಬರೆಯುವುದು ಹೀಗೆ

ಚರಿತ್ರೆ ಬದಿಗೆ ಸರಿಸಿದ ಹೆಣ್ಣುಮಕ್ಕಳ ಭಾವಚಿತ್ರ ಬರೆಯುವವರು ಈಗ ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ, ಎಲ್ಲರೂ ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಅದೇ ನುಣುಪು ಕೆನ್ನೆ, ಅದೇ ದೊಡ್ಡ ಕಣ್ಣು, ಗುಲಾಬಿ ತುಟಿ. ವಿಜ್ಞಾನಿ ಯಾರು, ಕವಿ ಯಾರು ಅಂತ ಕೆಳಗಿನ ಹೆಸರು ಓದಿಯೇ ತಿಳಿಯಬೇಕು.

ಮೊದಲು ಓದಿ. ಅವರು ಏನು ಮಾಡಿದರು, ಯಾವ ವಯಸ್ಸಲ್ಲಿ ಮಾಡಿದರು ಅಂತ ತಿಳಿಯದೆ ಬ್ರಷ್ ಮುಟ್ಟಬೇಡಿ. ಪರಮಾಣುವಿನ ಬೀಜ ಒಡೆಯುವುದು ಹೇಗೆ ಎಂದು 1938ರ ಕೊನೆಯಲ್ಲಿ ಭೌತವಿಜ್ಞಾನಿ ಲೀಸ್ ಮೈಟ್ನರ್ ತಮ್ಮ ಸೋದರಳಿಯನ ಜೊತೆ ಲೆಕ್ಕ ಹಾಕಿ ತೋರಿಸಿದರು. 1944ರ ರಸಾಯನಶಾಸ್ತ್ರದ ನೊಬೆಲ್ ಮಾತ್ರ ಅವರ ಜೊತೆ ಕೆಲಸ ಮಾಡಿದ್ದ ಆಟೊ ಹಾನ್ ಒಬ್ಬರಿಗೇ ಹೋಯಿತು. ಆ ಲೆಕ್ಕ ಹಾಕಿದಾಗ ಮೈಟ್ನರ್‌ಗೆ 60 ವರ್ಷ. ಇಪ್ಪತ್ತೈದರ ಫೋಟೊ ಚೆಂದ ಇದೆ ಅಂತ ಅದನ್ನೇ ಬರೆದರೆ ಹೇಗೆ?

ಫೋಟೊ, ರೇಖೆ. ಆದಷ್ಟು ದೊಡ್ಡ ಪ್ರತಿ ಹುಡುಕಿ, ಅದರ ಮೇಲೂ ಕ್ಯಾನ್ವಾಸಿನ ಮೇಲೂ ಚೌಕಗಳನ್ನು ಎಳೆದು, ಒಂದೊಂದೇ ಚೌಕವಾಗಿ ಇಳಿಸಿ. ಮೊಬೈಲ್ ಆ್ಯಪ್ ಬಣ್ಣ ತುಂಬಿದ ಪ್ರತಿ ಬೇಡವೇ ಬೇಡ. ಅದು ಸುಕ್ಕನ್ನೂ ಅಳಿಸಿರುತ್ತದೆ, ಬಣ್ಣವನ್ನೂ ಊಹಿಸಿರುತ್ತದೆ.

ನೆರಳು-ಬೆಳಕು. ಹೆಚ್ಚಿನವರು ಎಡವುವುದು ಇಲ್ಲೇ. ಹಳೇ ಕಪ್ಪು-ಬಿಳುಪು ಫೋಟೊದ ಬೂದು ಬಣ್ಣವನ್ನು ನಂಬಿ ಬಿಡುತ್ತಾರೆ. ಮೊದಮೊದಲ ಫೋಟೊ ತಟ್ಟೆಗಳಿಗೆ (ಫಿಲ್ಮ್ ಬದಲು ಬಳಸುತ್ತಿದ್ದ ಗಾಜಿನ ಹಲಗೆ) ನೀಲಿ ಬೆಳಕೇ ಮುಖ್ಯವಾಗಿ ತಾಗುತ್ತಿತ್ತು. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ತಟ್ಟೆಗೆ ಹಸಿರೂ ಕಂಡಿತು, ಕೆಂಪು ಕಾಣಲಿಲ್ಲ. ಹಾಗಾಗಿ ಆ ಫೋಟೊಗಳಲ್ಲಿ ತುಟಿ ಕಪ್ಪಾಗಿರುತ್ತದೆ, ಕಂದು ಚರ್ಮ ಇರುವುದಕ್ಕಿಂತ ಗಾಢ, ನೀಲಿ ಕಣ್ಣು ಗಾಜಿನ ಗೋಲಿಯ ಹಾಗೆ ಬಿಳಿಚಿಕೊಂಡಿರುತ್ತದೆ. ನೀವು ಕಪ್ಪು ಅಂದುಕೊಂಡ ರವಿಕೆ ಕಡುಗೆಂಪು ಇದ್ದೀತು.

ಆದ್ದರಿಂದ ಫೋಟೊದಿಂದ ಬೆಳಕಿನ ದಿಕ್ಕು ಮಾತ್ರ ತಗೊಳ್ಳಿ. ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಗಲ್ಲದ ಕೆಳಗೆ ಎಷ್ಟು ಗಾಢ ಇದೆ ನೋಡಿ. ಕಣ್ಣು ಅರೆಮುಚ್ಚಿ ನೋಡಿದರೆ ಮೂರೇ ಛಾಯೆ ಉಳಿಯುತ್ತವೆ. ತೆಳು ಮಾಡಿದ ಕಂದು ಬಣ್ಣದ ರಾ ಅಂಬರ್‌ನಲ್ಲಿ ಆ ಮೂರನ್ನಷ್ಟೇ ಹಚ್ಚಿ. ತುಟಿಯನ್ನು ಒಂದು ಛಾಯೆ ತಿಳಿ ಮಾಡಿ, ನೀಲಿ ಕಣ್ಣಿದ್ದರೆ ಒಂದು ಛಾಯೆ ಗಾಢ ಮಾಡಿ. ಚರ್ಮವನ್ನೂ ತುಸು ತಿಳಿ ಮಾಡಬಹುದು, ಆದರೆ ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಲು ಇದನ್ನೇ ನೆಪ ಮಾಡಿಕೊಳ್ಳಬೇಡಿ. ಅದೇ ವ್ಯಕ್ತಿಯ ಮುಂದಿನ ವರ್ಷಗಳ ಫೋಟೊ ಸಿಕ್ಕರೆ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ.

ಇನ್ನೊಂದು ಮಾತು. ಆಗ ಫೋಟೊ ತೆಗೆಯುವಾಗ ಅಲ್ಲಾಡದೆ ಕೂರಬೇಕಿತ್ತು. ಬಿಗಿದ ಮುಖ ನೋಡಿ ಸಿಡುಕಿ ಅಂದುಕೊಳ್ಳಬೇಡಿ. ಹಾಗಂತ ನೀವೇ ಒಂದು ನಗು ಅಂಟಿಸುವುದೂ ಬೇಡ.

ಬಣ್ಣ. ‘ಚರ್ಮದ ಬಣ್ಣ’ ಅಂತ ಮಾರುವ ಟ್ಯೂಬ್ ದುಡ್ಡು ದಂಡ. ಯಾರ ಚರ್ಮವೂ ಹಾಗಿಲ್ಲ. ಯೆಲ್ಲೊ ಓಕರ್ (ಮಣ್ಣು ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಬಿಳಿ, ಚೂರು ಅಲ್ಟ್ರಾಮರೀನ್ (ಕಡುನೀಲಿ) ಸಾಕು. ನೆರಳಿಗೆ ಕಪ್ಪು ಹಾಕಿದರೆ ಮುಖ ಮಸಿ ಮೆತ್ತಿದಂತಾಗುತ್ತದೆ, ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಅಂಬರ್ (ಕಡುಗಂದು) ಬೆರೆಸಿ. ಮುಖಕ್ಕೆ ನಾನು ಎಣ್ಣೆ ಬಣ್ಣವನ್ನೇ ಹೇಳುತ್ತೇನೆ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ, ಬೆರೆಸಿದ ಹದ ಕೈತಪ್ಪುತ್ತದೆ.

ಕೈಗೆ ಕೆಲಸ ಕೊಡಿ. ಕೈ ಬರೆಯಲು ಕಷ್ಟ ಅಂತ ಎದೆಮಟ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದವರು, ಅವರ ಪಕ್ಕ ಕಬ್ಬಿನ ಜಲ್ಲೆ, ಸೂಕ್ಷ್ಮದರ್ಶಕ ಇರಲಿ. ಪಳೆಯುಳಿಕೆ ಅಗೆದ ಮೇರಿ ಆ್ಯನಿಂಗ್‌ಗೆ ಸುತ್ತಿಗೆ. ತಲೆ ಸುತ್ತ ಪ್ರಭಾವಳಿ ಬೇಡ, ಅವರು ದೇವಿಯರಲ್ಲ.

ಫೋಟೊ ಹುಟ್ಟುವ ಮೊದಲೇ ಬದುಕಿದವರಾದರೆ? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿದಳು. ಅವಳ ಮುಖ ಹೇಗಿತ್ತೋ, ಸಿನಿಮಾ ನಟಿಯ ಮುಖ ತಂದು ಕೂರಿಸಬೇಡಿ. ಮುಖ ಅರ್ಧ ತಿರುಗಿರಲಿ, ಬೆಳಕೆಲ್ಲ ಓಲೆಗರಿಯ ಕಟ್ಟುಗಳ ಮೇಲೆ ಬೀಳಲಿ.

ಅವರ ಹೆಸರು, ಕೆಲಸ ಮುಂದೆಯೇ ಬರೆಯಿರಿ, ನಿಮ್ಮ ಸಹಿ ಹಿಂದೆ ಹಾಕಿ. ವಾರ್ನಿಷ್‌ಗೆ ಆತುರ ಬೇಡ, ಎಣ್ಣೆ ಬಣ್ಣ ಆರು ತಿಂಗಳಾದರೂ ಒಣಗಲಿ.